ವೈನಿ ತಡಮಾಡಿರಲಿಲ್ಲ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅವತ್ತು ವಿಮಾನನಿಲ್ದಾಣಕ್ಕೆ ತಡವಾಗಿ ಬಂದಿರಲಿಲ್ಲ. ನಾನು ಇಳಿಯುವ ಮೊದಲೇ ಬಂದು ನಿಂತಿದ್ದರು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು — ನೋಡಿಯೂ ನಾನು, ಆಕೆ ಯಾರೋ ಗೊತ್ತಿಲ್ಲ ಎಂದು ಹೇಳಿ ಬೇರೆಯವರ ಕಾರು ಹತ್ತಿದೆ. ಇಷ್ಟು ವರ್ಷ ನಮ್ಮ ಬಳಗದ ಮದುವೆಗಳಲ್ಲಿ, ಬಸುರಿಯರ ಕುಬಸಗಳಲ್ಲಿ ನಾನು ಹೇಳಿ ನಗಿಸುತ್ತ ಬಂದ ಕತೆಯೊಂದಿದೆ: ನಮ್ಮೂರು ಕಳ್ಳಕವಟಗಿಯ ಹೆಂಗಸು ವಿಮಾನದ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯಲು ಹೋದಳು, ಅವಳು ಮುಟ್ಟುವಷ್ಟರಲ್ಲಿ ವಿಮಾನ ಬಂದು, ಮಂದಿ ಇಳಿದು, ಊರು ಸೇರಿದ್ದರು ಎಂಬ ಕತೆ. ಅದು ಪೂರ್ತಿ ಸುಳ್ಳು. ಕಟ್ಟಿದವನು ನಾನು.

ನಾನು ಎಂಥವನೆಂದು ಮೊದಲು ಹೇಳಿಬಿಡುತ್ತೇನೆ. ತಿಕೋಟಾದಲ್ಲಿ ನನ್ನದೊಂದು ಗೊಬ್ಬರ-ಔಷಧಿ ಅಂಗಡಿ. ದ್ರಾಕ್ಷಿಗೆ ಹೊಡೆಯುವ ಔಷಧಿಯನ್ನು ಕಂಪನಿ ಹೇಳಿದಷ್ಟು ಮಾರಿದರೆ ಅಂಗಡಿಕಾರರನ್ನು ಅವರೇ ಬ್ಯಾಂಕಾಕಿಗೆ ಕರೆದೊಯ್ಯುತ್ತಾರೆ. ಬಳ್ಳಿಗೆ ಬೇಕಿತ್ತೋ ಬೇಡವೋ — ಡಬ್ಬಿಗಳನ್ನು ಮಾರಿ ನಾನೂ ಹೋದೆ. ಅಲ್ಲಿ ಕಂಡದ್ದೇನು ಎಂದು ಕೇಳಬೇಡಿ. ಒಂದು ಹೊಳೆ, ಒಂದಿಷ್ಟು ಶಾಪಿಂಗ್ ಮಾಲುಗಳು, ಬೆಳಗಿನ ಊಟಕ್ಕೆ ಶೇಂಗಾ ಚಟ್ನಿ ಇಲ್ಲವೆಂದು ಗೊಣಗುವ ನನ್ನಂಥ ಅಂಗಡಿಕಾರರ ಗುಂಪು. ಆದರೆ ಮರಳಿ ಬರುವಾಗ ನನ್ನ ಕೊರಳು ಎಷ್ಟು ಸೆಟೆದಿತ್ತೆಂದರೆ, ಆ ದೇಶವನ್ನು ನಾನೇ ಕೊಂಡು ಬಂದವನ ಹಾಗಿದ್ದೆ.

ಗುಂಪಿನಲ್ಲಿ ವಿಜಯಪುರದ ಜೋರಾಪುರ ಪೇಟೆಯ ದೊಡ್ಡ ವ್ಯಾಪಾರಿಯೊಬ್ಬರಿದ್ದರು. ಎಲ್ಲರೂ ಅವರನ್ನು ಸಾವಕಾರರೆಂದೇ ಕರೆಯುತ್ತಿದ್ದರು. ತಿಕೋಟಾ, ಬಬಲೇಶ್ವರ ಎರಡೂ ಕಡೆಯ ಅಂಗಡಿಗಳಿಗೆ ಮಾಲು ಹಂಚುವ ಏಜೆನ್ಸಿಯನ್ನು ಯಾರಿಗೆ ಕೊಡಬೇಕೆಂಬುದು ಅವರ ಕೈಯಲ್ಲಿತ್ತು. ಹೀಗಾಗಿ ಬ್ಯಾಂಕಾಕಿನಲ್ಲಿ ನಾನು ದೇಶ ನೋಡಲಿಲ್ಲ, ಸಾವಕಾರರ ಮುಖ ನೋಡಿದೆ. ನಮ್ಮದು ದೊಡ್ಡ ಮನೆತನವೆಂದೆ. ಅಣ್ಣ ಹೊಲಕ್ಕೂ ಕಾರಿನಲ್ಲೇ ಹೋಗುತ್ತಾನೆಂದೆ. ಹೈದರಾಬಾದಿನಲ್ಲಿ ಇಳಿದೊಡನೆ ಆ ಕಾರು ನನ್ನನ್ನು ಕರೆದೊಯ್ಯಲು ಬಂದಿರುತ್ತದೆಂದೂ ಹೇಳಿದೆ. ಅಣ್ಣನ ಬಳಿ ಇದ್ದದ್ದು ಒಂದು ಹಳೆಯ ಟ್ರ್ಯಾಕ್ಟರು.

ಬಂದದ್ದು ವೈನಿ.

ನನ್ನ ತಾಯಿ ಬೇಗ ಹೋದಳು. ವೈನಿ ಮದುವೆಯಾಗಿ ಬಂದಾಗ ನಾನಿನ್ನೂ ಮೂಗು ಒರೆಸಲು ಬಾರದವನು. ಆ ಕೆಲಸವನ್ನೂ ಅವರೇ ಮಾಡಿದರು, ಅನಂತರದ್ದನ್ನೂ. ದೂರದ ದಾರಿ ತುಳಿದು, ನೀರು ದಾಟಿ ಬಂದವರಿಗೆ ರೊಟ್ಟಿಯ ತುಣುಕನ್ನೂ ನೀರನ್ನೂ ನಿವಾಳಿಸಿ ಎಸೆದು, ದೃಷ್ಟಿ ತೆಗೆದ ಮೇಲೆಯೇ ಒಳಗೆ ಕರೆಯುವುದು ನಮ್ಮ ಮನೆಯ ರೂಢಿ. ಹೊಸ್ತಿಲಲ್ಲಿ ಮಾಡಿದರೆ ಸಾಕು. ಆದರೆ ವೈನಿಯ ತರ್ಕವೇ ಬೇರೆ. ಬಸ್ಸಿನಲ್ಲಿ ಬಂದವನಿಗಾದರೆ ಹೊಸ್ತಿಲು ಸರಿ. ವಿಮಾನದಲ್ಲಿ ಬಂದವನು ಮೊದಲು ನೆಲ ಮುಟ್ಟುವುದು ಹೈದರಾಬಾದಿನಲ್ಲಿ, ಹಾಗಾಗಿ ದೃಷ್ಟಿಯನ್ನು ಅಲ್ಲಿಯೇ ತೆಗೆಯಬೇಕು, ಊರತನಕ ಅದನ್ನು ಹೊತ್ತು ತರಬಾರದು. ಅಣ್ಣನಿಗೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯ ಹೊತ್ತು, ಆಳುಗಳನ್ನು ಬಿಟ್ಟು ಬರುವಂತಿರಲಿಲ್ಲ. ಬೇಡವೆಂದು ಅವನು ಹೇಳಿ ನೋಡಿದ. ವೈನಿ ಕೇಳಲಿಲ್ಲ. ಆ ಕಾಲದಲ್ಲಿ ಅವರು ಯಾವ ದಾರಿಗೂ ಅಂಜುವವರಲ್ಲ. ವಿಜಯಪುರದ ಆಸ್ಪತ್ರೆಯಿರಲಿ, ಬಬಲೇಶ್ವರದ ತಂಗಿಯ ಬಾಣಂತನವಿರಲಿ, ಮನೆಯಿಂದ ಮೊದಲು ಹೊರಡುತ್ತಿದ್ದವರು ಅವರೇ.

ಹೊರಬಾಗಿಲ ಬಳಿ, ಕಟಕಟೆಯಾಚೆ, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು ನಿಂತಿದ್ದರು. ಕಂಕುಳಲ್ಲಿ ಬುತ್ತಿಯ ಗಂಟು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ರೊಟ್ಟಿಯ ತುಣುಕು. ಸುತ್ತ ಸೂಟು ತೊಟ್ಟವರು, ಹೆಸರು ಬರೆದ ಹಲಗೆ ಹಿಡಿದ ಡ್ರೈವರುಗಳು. ನನ್ನನ್ನು ಕಂಡೊಡನೆ ಅವರ ಮುಖ ಅರಳಿತು, ರೊಟ್ಟಿ ಹಿಡಿದ ಕೈ ಮೇಲೆದ್ದಿತು.

ನನಗೆ ನಾಚಿಕೆಯಾಯಿತು. ನಾಚಿಕೆ ಎಂಬುದೂ ದೊಡ್ಡ ಮಾತಾಯಿತು — ಅಸಹ್ಯವಾಯಿತು. ಆ ಸೀರೆ, ಆ ಗಂಟು, ಆ ರೊಟ್ಟಿ, ಅವರ ಹಿಂದೆ ಇಡೀ ಕಳ್ಳಕವಟಗಿಯೇ ಬಂದು ನನ್ನ ಕೊರಳಪಟ್ಟಿ ಹಿಡಿಯಲು ನಿಂತಂತೆ... ಸಾವಕಾರರು ನನ್ನ ಪಕ್ಕದಲ್ಲೇ ಇದ್ದರು.

"ಯಾರ್ರಿ ಆ ಹೆಣ್ಣಮಗಳು? ನಿಮ್ಮನ್ನ ನೋಡಾಕತ್ತಾಳ," ಎಂದು ಕೇಳಿದರು.

"ಗೊತ್ತಿಲ್ರಿ ಸಾವಕಾರ್ರ. ನಮ್ಮ ಕಡಿಯಾಕಿ ಇದ್ದಂಗ ಕಾಣಸ್ತದ. ದಾರಿ ತಪ್ಪಿ ನಿಂತಿರಬೇಕು," ಎಂದೆ.

ಮೆಲ್ಲಗೆ ಹೇಳಲಿಲ್ಲ. ಸಾವಕಾರರಿಗೆ ನಂಬಿಕೆ ಬರಲೆಂದು ಗಟ್ಟಿಯಾಗಿಯೇ ಹೇಳಿದೆ. ವೈನಿಗೆ ಕೇಳಿಸಿತು. ಕೈ ಇಳಿಯಿತು. ನಮ್ಮ ಗಾಲಿಪೆಟ್ಟಿಗೆಗಳು ದಾಟಲು ಅಡ್ಡಿಯಾಗದಂತೆ ಗಂಟನ್ನು ಎದೆಗವಚಿಕೊಂಡು ಪಕ್ಕಕ್ಕೆ ಸರಿದರು, ಅಷ್ಟೇ. ಸರಿದು ನನಗೆ ದಾರಿ ಬಿಟ್ಟರು — ನಾನು ಆ ದಾರಿಯಲ್ಲೇ ಹೋದೆ.

ನಮ್ಮ ಕಾರು ಕೆಟ್ಟಿದೆಯೆಂದು ಸಾವಕಾರರಿಗೆ ಇನ್ನೊಂದು ಸುಳ್ಳು ಹೇಳಿ ಅವರ ಕಾರಿನಲ್ಲಿ ವಿಜಯಪುರ ಮುಟ್ಟಿದೆ. ದಾರಿಯುದ್ದಕ್ಕೂ ಅವರು ಗೊರಕೆ ಹೊಡೆದರು. ಅದನ್ನೂ ನಾನು ದೊಡ್ಡವರ ಗೊರಕೆಯೆಂದು ಗೌರವದಿಂದ ಕೇಳಿದೆ. ಮನೆಗೆ ಬಂದಾಗ ಅಣ್ಣ ಕೇಳಿದ, ನಿನ್ನ ವೈನಿ ಎಲ್ಲಿ ಎಂದು. ಕಾಣಲೇ ಇಲ್ಲ ಎಂದೆ.

ಮರುದಿನ ಮಧ್ಯಾಹ್ನ ವೈನಿ ಬಂದರು. ಅಣ್ಣ ಬಾಗಿಲಲ್ಲೇ ನಿಂತು ಬೈಯತೊಡಗಿದ. ನಾನು ಒಳಗೆ ಕುಳಿತು ಕೇಳುತ್ತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ... ಅವರು ಅಣ್ಣನಿಗೆ ಹೇಳಿದ್ದು ಇಷ್ಟೇ:

"ಬಸ್ಸು ತಡಾ ಆತ್ರಿ. ನಾ ಮುಟ್ಟೂದ್ರಾಗ ಮಂದಿ ಎಲ್ಲಾ ಹೋಗಿಬಿಟ್ಟಿದ್ರು."

ಆಗ ನನ್ನ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಬಚಾವಾದೆ ಅನ್ನಿಸಿತು. ಆ ನಿರಾಳವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟುತ್ತದೆ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಅದೇ ವರ್ಷ ಅರಕೇರಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಬ್ಯಾಂಕಾಕಿನ ಸುದ್ದಿ ಹೇಳೆಂದರು. ಹೇಳಲು ನನ್ನ ಬಳಿ ಏನಿತ್ತು? ವೈನಿಯ ಸುದ್ದಿ ಹೇಳಿದೆ. ಟವೆಲಿನ ಮಾತನ್ನು ಆ ಪಂಕ್ತಿಯಲ್ಲೇ ಹೊಸೆದೆ. ಮಂದಿ ಬಿದ್ದು ಬಿದ್ದು ನಕ್ಕರು. ನಕ್ಕವರೂ ಎಂಥವರು — ವಿಜಯಪುರದ ಬಸ್ ನಿಲ್ದಾಣ ದಾಟಿದರೆ ಕೈಕಾಲು ನಡುಗುವವರು, ಹೈದರಾಬಾದು ಯಾವ ದಿಕ್ಕಿಗಿದೆ ಎಂದರೆ ಆಕಾಶ ನೋಡುವವರು. ಅವರ ನಗೆಯೂ ನನಗೆ ಸಿಹಿಯಾಗಿತ್ತು. ಆಮೇಲೆ ಪ್ರತಿ ಕಾರ್ಯದಲ್ಲೂ ಆ ಕತೆ ಬೇಕೆಂದರು, ಪ್ರತಿಸಲ ನಾನು ಒಂದೊಂದು ಮಸಾಲೆ ಸೇರಿಸಿದೆ. ವೈನಿ ಬಡಿಸುತ್ತ ಅದೇ ಪಂಕ್ತಿಯಲ್ಲಿ ಓಡಾಡುತ್ತಿದ್ದರು. ಸಾರು ಬೇಕೇ ಎಂದು ನನ್ನನ್ನೂ ಕೇಳುತ್ತಿದ್ದರು.

ನಗೆಯ ಬೆಲೆಯನ್ನು ತೆತ್ತವರು ಅವರು. ಎಲ್ಲಿಗೂ ಒಬ್ಬರೇ ಹೋಗುತ್ತಿದ್ದ ಹೆಣ್ಣುಮಗಳಿಗೆ ತಿಕೋಟಾದ ಸಂತೆಗೂ ಜೊತೆ ಬೇಕೆಂದಾಯಿತು. ವಿಮಾನ ತಪ್ಪಿಸಿಕೊಂಡವಳು ಬಸ್ಸು ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಸೊಸೆಯಂದಿರೂ ನಗುವಂತಾಯಿತು. ಒಂದು ಸಲ ಊರಿನ ಹೆಂಗಸರೆಲ್ಲ ಕೂಡಿ ಕಾಶಿಗೆ ಹೊರಟರು. ವೈನಿ ಬಾಯಿ ಬಿಟ್ಟು ಆಸೆಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೊಸ ಚೀಲ ಕೂಡ ಹೊಲಿಸಿಟ್ಟುಕೊಂಡಿದ್ದರು. ಅಣ್ಣ ನನ್ನನ್ನು ಕರೆದು ಕೇಳಿದ, ಕಳಿಸಲೇ ಹೇಗೆ ಎಂದು. ಕಳಿಸು ಎನ್ನಬಹುದಿತ್ತು. ಆದರೆ ಕಾಶಿಗೆ ಹೋಗಿ ನೆಟ್ಟಗೆ ತಿರುಗಿ ಬಂದರೆ ನನ್ನ ಕತೆ ಏನಾಗಬೇಕು?

"ಬ್ಯಾಡಣ್ಣ. ಕಳದುಗಿಳದು ಹೋದ್ರ ಎಲ್ಲಿ ಹುಡುಕ್ತಿ," ಎಂದೆ.

ಅಣ್ಣ ಕಳಿಸಲಿಲ್ಲ. ಆ ಚೀಲದಲ್ಲಿ ಅವರು ಆಮೇಲೆ ಒಣ ಮೆಣಸಿನಕಾಯಿ ತುಂಬಿಟ್ಟರು. ಹಂಚುವ ಏಜೆನ್ಸಿಯನ್ನು ಸಾವಕಾರರು ತಮ್ಮ ಅಳಿಯನಿಗೆ ಕೊಟ್ಟರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ನನ್ನ ಜಾಣತನ ಎಷ್ಟರದೆಂದು ಗೊತ್ತಾಗಲಿ.

ಹೋದ ವರ್ಷ ಇನ್ನೊಂದು ಕಂಪನಿಯ ದೆಸೆಯಿಂದ ಇನ್ನೊಂದು ದೇಶ ನೋಡಿ ಮತ್ತೆ ಹೈದರಾಬಾದಿನಲ್ಲಿ ಇಳಿದೆ. ಗೊತ್ತುಮಾಡಿದ್ದ ಕಾರಿನವನು ಫೋನು ಎತ್ತಲಿಲ್ಲ. ಆಗ, ಜೀವನದಲ್ಲಿ ಮೊದಲ ಸಲ, ಅಲ್ಲಿಂದ ನಮ್ಮೂರಿಗೆ ಬಸ್ಸಿನಲ್ಲಿ ಬಂದೆ. ವಿಮಾನನಿಲ್ದಾಣದಿಂದ ನಗರಕ್ಕೆ ಒಂದು ಬಸ್ಸು. ನಗರದ ದೊಡ್ಡ ನಿಲ್ದಾಣದಲ್ಲಿ ನನಗೆ ಓದಲು ಬಾರದ ಬೋರ್ಡುಗಳು, ಯಾವ ಫಲಕದ ಮುಂದೆ ನಿಲ್ಲಬೇಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ವಿಜಯಪುರದ ಬಸ್ಸು ಸಿಗುವಷ್ಟರಲ್ಲಿ ನಾನು ಸಿಕ್ಕವರ ಮೇಲೆಲ್ಲ ಹರಿಹಾಯ್ದಿದ್ದೆ. ಸೊಂಟ ಮುರಿಯುವಷ್ಟು ಕುಳಿತು ವಿಜಯಪುರ. ಅಲ್ಲಿ ತಿಕೋಟಾ ಬಸ್ಸಿನ ಕಿಟಕಿಗಳಲ್ಲಿ ಆಗಲೇ ಟವೆಲು, ಚೀಲ, ಕಂಕುಳ ಕೂಸು ಎಲ್ಲ ಬಿದ್ದು ಸೀಟು ತುಂಬಿದ್ದವು. ಗಾಲಿಪೆಟ್ಟಿಗೆಯನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ನಿಂತೇ ಬಂದೆ. ಬಂದವರೆಲ್ಲ ಅದಕ್ಕೊಂದು ಒದೆ ಕೊಟ್ಟು ಹೋದರು. ತಿಕೋಟಾದಲ್ಲಿ ಕಳ್ಳಕವಟಗಿಯ ಬಸ್ಸಿಗಾಗಿ ಕಾದು ಕುಳಿತೆ. ನಾನು ವ್ಯಾಪಾರ ಮಾಡುವ ಊರು ಅದು. ಅಲ್ಲಿ ಬಸ್ಸಿಗೆ ಕಾಯುವವರು ಕುಳಿತುಕೊಳ್ಳುವ ಕಟ್ಟೆ ಯಾವುದೆಂದು ಅವತ್ತೇ ನೋಡಿದ್ದು.

ಆ ಕಟ್ಟೆಯ ಮೇಲೆ ನನಗೆ ಅರ್ಥವಾಯಿತು. ವೈನಿ ಈ ದಾರಿಯನ್ನು ಹೋಗುವಾಗ ಒಮ್ಮೆ ತುಳಿದಿದ್ದರು, ಬರುವಾಗ ಇನ್ನೊಮ್ಮೆ. ಕೈಯಲ್ಲಿ ಫೋನಿಲ್ಲ, ಬಾಯಲ್ಲಿ ಅಲ್ಲಿಯ ಭಾಷೆಯಿಲ್ಲ. ಹೋಗುವಾಗ ನನ್ನನ್ನು ಕಾಣುವ ಸಂತೋಷವಾದರೂ ಇತ್ತು. ಬರುವಾಗ — ಬರುವಾಗ ಏನಿತ್ತು? ನಾನು ಆಡಿದ ಮಾತಿತ್ತು. ಬಸ್ಸಿನಿಂದ ಬಸ್ಸಿಗೆ ಅದನ್ನು ಹೊತ್ತು ತಂದು, ಮನೆಯ ಬಾಗಿಲಲ್ಲಿ ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು.

ಆಮೇಲೂ ತಿಂಗಳುಗಟ್ಟಲೆ ಸುಮ್ಮನಿದ್ದೆ. ಹೇಡಿ ಎಂಬ ಪದಕ್ಕೆ ನನ್ನಷ್ಟು ಒಪ್ಪುವವನು ನಮ್ಮ ಭಾಗದಲ್ಲಿ ಸಿಗಲಾರ. ಮೊನ್ನೆ ಅಣ್ಣನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಅರಕೇರಿಯವರು, ಬಬಲೇಶ್ವರದವರು ಎಲ್ಲ ಸೇರಿದ್ದರು. ಊಟವಾದ ಮೇಲೆ ಎಂದಿನಂತೆ ಕತೆ ಹೇಳೆಂದರು. ಹೇಳಿದೆ — ನಡೆದದ್ದನ್ನು ನಡೆದ ಹಾಗೆ. ನಾನು ಹೊಸ ಮಸಾಲೆ ಹಾಕುತ್ತಿದ್ದೇನೆಂದು ತಿಳಿದು ಮೊದಮೊದಲು ಎಲ್ಲರೂ ನಕ್ಕರು. "ಗೊತ್ತಿಲ್ರಿ ಸಾವಕಾರ್ರ" ಎಂಬಲ್ಲಿಯೂ ಒಬ್ಬಿಬ್ಬರು ನಕ್ಕರು. ಕಾಶಿಯ ಮಾತಿಗೆ ಬಂದಾಗ ಯಾರೂ ನಗಲಿಲ್ಲ.

ಅಣ್ಣ ಎದ್ದು ನಿಂತ. "ಇಷ್ಟ ದಿನಾ ನನ್ನ ಬಾಯಿಲೇನ ಆಕಿಗೆ ಹುಚ್ಚಿ ಅನಿಸಿದೆಲ್ಲಲೇ," ಎಂದ. ತೋಟದ ಕಡೆ ನಡೆದುಬಿಟ್ಟ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಅಡುಗೆಮನೆಗೆ ಹೋದೆ. ವೈನಿ ಉಳಿದ ಪಲ್ಯವನ್ನು ಸಣ್ಣ ಪಾತ್ರೆಗೆ ತೆಗೆಯುತ್ತಿದ್ದರು. ಹೊರಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು. ತಪ್ಪಾಯಿತು ಎಂದೆ. ಅವರು ಪಲ್ಯ ತೆಗೆಯುತ್ತಲೇ ಇದ್ದರು. ಕಾಶಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ರೈಲಾದರೆ ರೈಲು, ವಿಮಾನವಾದರೆ ವಿಮಾನ, ನೀವು ಹೇಳಿದ ದಿನ ಹೊರಡೋಣ ಎಂದೆ — ಕೊಟ್ಟು ತೀರಿಸುವ ವ್ಯಾಪಾರಿಯ ಬುದ್ಧಿ ಅಲ್ಲಿಯೂ ನನ್ನನ್ನು ಬಿಡಲಿಲ್ಲ. ಆಗ ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ನಿನ್ನ ಜೋಡಿ ಬ್ಯಾಡ ತಮ್ಮಾ," ಎಂದರು. "ನಡುದಾರ್ಯಾಗ ನಿನ್ನ ಪೈಕಿ ಯಾರರ ದೊಡ್ಡವ್ರು ಕೂಡಿದ್ರ, ನಾ ಯಾರಂತ ಹೇಳ್ತಿ?"

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರು ತಿಳಿದುಕೊಳ್ಳಲೆಂದು ಕೇಳುವಂತೆ ಕೇಳಿದರು. ಉತ್ತರ ಕೊಡಲು ನಾನು ಬಾಯಿ ತೆರೆದೆ. ಅವರು ಕಾಯಲಿಲ್ಲ, ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದರು.