ಏಳನೆಯ ಹಾಸಿಗೆಯ ಕೆಂಪು ದೀಪ

ಐಸಿಯುವಿನ ದಪ್ಪ ಗಾಜಿಗೆ ನಾನು ಎರಡೂ ಕೈಯಿಂದ ಬಡಿಯುತ್ತಿದ್ದೆ. ಒಳಗೆ ಏಳನೆಯ ಹಾಸಿಗೆಯಲ್ಲಿದ್ದ ನನ್ನ ಗಂಡನ ತಲೆಯ ಬಳಿ, ಎದೆಬಡಿತ ನೋಡುವ ಮಿಷನ್ನಿನ ಕೆಂಪು ದೀಪ ಮಿನುಗುತ್ತಿತ್ತು. ಮೂಲೆಯ ಎ.ಸಿ. ಕ್ಯಾಬಿನ್ನಿನಲ್ಲಿ ಸಿಸ್ಟರ್ ಕೂತಿದ್ದಳು. ಇಡೀ ವಾರ್ಡಿನ ಎದೆಬಡಿತ ಒಂದೇ ಕಡೆ ತೋರಿಸುತ್ತದೆಂದು ಆಸ್ಪತ್ರೆಯವರು ಆಗಷ್ಟೇ ತರಿಸಿದ್ದ ಟಿವಿಯಿಂದ ಕಣ್ಣು ಕೀಳದೆ ಕೂತಿದ್ದಳು.

ಕೊನೆಗೆ ಬಂದು ಬಾಗಿಲು ತೆರೆದಳು. ಅಂದು ಬೆಳಿಗ್ಗೆಯಷ್ಟೇ ಆ ವಾರ್ಡಿಗೆ ಬಂದಿದ್ದ ಮಂಗಳೂರಿನ ಹುಡುಗಿ. ಈ ಮರಾಠಿ ಊರಿನಲ್ಲಿ ನಾವೂ ಕನ್ನಡದವರೆಂದು ತಿಳಿದು ಖುಷಿಪಟ್ಟಿದ್ದಳು.

"ಹೆದರ್ಬೇಡಿ ಅಕ್ಕ, ಟಿವಿಯಲ್ಲಿ ಎಲ್ಲರದ್ದೂ ಸರಿ ಉಂಟು."

"ಟಿವಿ ಹಾಳಾಗ್ಲಿ, ಅವ್ರನ್ನ ನೋಡಮ್ಮಾ!" ಎಂದು ಕಿರುಚಿದೆ.

ಓಡಿದಳು. ಡಾಕ್ಟರೂ ಓಡಿ ಬಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮಿಷನ್ ಯಾರೋ ದಾನ ಕೊಟ್ಟದ್ದಂತೆ, ಬೇರೆ ಕಂಪನಿಯದಂತೆ, ಈ ಟಿವಿಗೆ ಹೊಂದುವುದೇ ಇಲ್ಲವಂತೆ. ಟಿವಿಯಲ್ಲಿ ಕಾಣುತ್ತಿದ್ದದ್ದು ಉಳಿದ ಹಾಸಿಗೆಗಳು ಮಾತ್ರ. ದಾನಿಗಳ ಹೆಸರನ್ನು ಮಿಷನ್ನಿನ ಮೇಲೆ ದೊಡ್ಡದಾಗಿ ಬರೆಸಿದ್ದರು. ಅದು ಟಿವಿಯಲ್ಲಿ ಕಾಣುವುದಿಲ್ಲವೆಂಬುದನ್ನು ಮಾತ್ರ ಆ ಹುಡುಗಿಗೆ ಯಾರೂ ಹೇಳಿರಲಿಲ್ಲ.

ಸಂಜೆ ನನ್ನ ಗಂಡನ ದೇಹವನ್ನು ನಮ್ಮ ಕೈಗೆ ಒಪ್ಪಿಸುವವರೆಗೂ ನಾನು ಅಲ್ಲೇ ಇದ್ದೆ. ಅಷ್ಟರಲ್ಲಿ ಅದೇ ಹಾಸಿಗೆಯಲ್ಲಿ ವಿಕ್ರೋಳಿಯಿಂದ ಬಂದ ಇನ್ನೊಬ್ಬರನ್ನು ಮಲಗಿಸಿ, ಅದೇ ಮಿಷನ್ ಹಚ್ಚಿದರು. ಅವರ ಹೆಂಡತಿ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ನನ್ನ ಹರಕುಮುರುಕು ಮರಾಠಿಯಲ್ಲಿ ಅವರಿಗೆ ಹೇಳಿದ್ದು ಇಷ್ಟೇ: ಇಲ್ಲಿ ಕೂರಬೇಡಿ, ಗಾಜಿನ ಹತ್ತಿರ ಹೋಗಿ ನಿಲ್ಲಿ.