ಲಗ್ನ ಆಗಿಲ್ಲ ಅನ್ನೋದಕ್ಕೆ ಸಾಕ್ಷಿ

ಜರ್ಮನಿಯಲ್ಲಿ ಮದುವೆಯಾಗಬೇಕಾದರೆ, ನನಗೆ ಈ ಮೊದಲು ಮದುವೆಯಾಗಿಲ್ಲ ಎಂಬ ಕಾಗದಕ್ಕೆ ನೋಟರಿಯಿಂದ ಹಿಡಿದು ದೆಹಲಿವರೆಗೆ ಮುದ್ರೆ ಹಾಕಿಸಬೇಕಂತೆ. ಆದ ಮದುವೆಗಾದರೆ ಫೋಟೊ ಇರುತ್ತದೆ, ಆಗದ್ದಕ್ಕೆ ಏನು ತೋರಿಸುತ್ತಾರೆ? ಅದೇ ಕುತೂಹಲದಿಂದ ರಾಮದುರ್ಗದ ಕೋರ್ಟಿನ ಮುಂದೆ ಕೂರುವ ನೋಟರಿ ವಕೀಲರ ಹತ್ತಿರ ಹೋದೆ.

"ನಿಮ್ಮನ್ನ ಬಲ್ಲವರೊಬ್ಬರು ಸಹಿ ಮಾಡಬೇಕ್ರಿ," ಅಂದರು.

ನಾನು ಒಬ್ಬಳೇ ಬಂದಿದ್ದೆ. ಪಕ್ಕದ ಬೆಂಚಿನಲ್ಲಿ ಹೊಲದ ಉತಾರ, ಅಂದರೆ ಪಹಣಿ, ಹಿಡಿದು ಕೂತಿದ್ದ ಗೃಹಸ್ಥರೊಬ್ಬರು ನನ್ನನ್ನೇ ನೋಡುತ್ತಿದ್ದರು. "ನೀವು ಸಾಲಹಳ್ಳಿ ಮಾಸ್ತರ ಮಗಳಲ್ಲೇನ್ರಿ? ತರ್ರಿ, ನಾ ಮಾಡತೇನಿ."

ನನಗೆ ಮುಖ ನೆನಪಾಗಲಿಲ್ಲ. "ಇವರ ಲಗ್ನ ಆಗಿಲ್ಲಂತ ನಿಮಗ ಹೆಂಗ ಗೊತ್ರಿ?" ವಕೀಲರು ಅವರನ್ನು ಕೇಳಿದರು.

"ಹದಿನೈದು ವರ್ಷದ ಹಿಂದ ಕನ್ಯಾ ನೋಡಾಕ ಹೋಗಿದ್ದೆರಿ. ಒಲ್ಲೆ ಅಂದ್ರು."

"ನಿಮಗ ಒಲ್ಲೆ ಅಂದ್ರು, ಖರೆ. ಬ್ಯಾರೆಯವರಿಗೆ?"

"ಆಮ್ಯಾಲ ಹೋದವರನ್ನೆಲ್ಲಾ ವಿಚಾರಿಸ್ಕೋತ ಬಂದೇನ್ರಿ. ಒಬ್ಬರಿಗೂ ಹ್ಞೂಂ ಅಂದಿಲ್ಲ."

ಸಹಿ ಮಾಡುವ ಮುಂಚೆ ನನ್ನ ಕಡೆ ತಿರುಗಿದರು. "ಈಗಿನವರ ಫೋಟೊ ಐತೇನ್ರಿ?" ತೋರಿಸಿದೆ. ಬಹಳ ಹೊತ್ತು ನೋಡಿ, "ಅಡ್ಡಿಯಿಲ್ಲ," ಅಂದು ಸಹಿ ಹಾಕಿದರು.

ಮುಂದೆ ಆ ಕಾಗದಕ್ಕೆ ಮುದ್ರೆ ಒತ್ತಿದವರೆಲ್ಲ ಹಿಂದಿನವರ ಸಹಿಯನ್ನಷ್ಟೇ ನೋಡಿ ಒತ್ತಿದರು. ವಿಚಾರಿಸಿ ಸಹಿ ಮಾಡಿದವರು ಅವರೊಬ್ಬರೇ.