ಬಚ್ಚಲ ಹೊಸ್ತಿಲು ಕೊಯ್ದದ್ದು

ನಾನು ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಪ್ಲಾಸ್ಟರ್ ರೂಮಿನಲ್ಲಿ ನರ್ಸ್ ಆಗಿದ್ದೆ. ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವುದು, ಕೂಡಿಕೊಂಡ ಮೇಲೆ ಅದನ್ನು ಕೊಯ್ದು ತೆಗೆಯುವುದು, ಇಷ್ಟೇ ನನ್ನ ಕೆಲಸ. ಹಾಕುವಾಗ ಯಾರೂ ಹೆದರುತ್ತಿರಲಿಲ್ಲ. ತೆಗೆಯುವ ದಿನ ಮಾತ್ರ ಗಿರಿಜಾ ಮೀಸೆಯವರೂ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಆ ಕಟರ್‌ನ ಸದ್ದೇ ಹಾಗೆ. ಕಿವಿಯ ಹತ್ತಿರ ಸಾವಿರ ಕಣಜದ ಹುಳು ಎದ್ದ ಹಾಗೆ.

ಆಗ ನಾನು ಒಂದು ಆಟ ಆಡುತ್ತಿದ್ದೆ. ಓಡುತ್ತಿರುವ ಅಲಗಿಗೆ ನನ್ನ ಅಂಗೈ ತಾಗಿಸಿ ತೋರಿಸುತ್ತಿದ್ದೆ. ‘ನೋಡ್ರಿ, ಇದು ತಿರುಗೂದಿಲ್ಲ, ನಡಗತೈತಿ ಅಷ್ಟ. ಗಟ್ಟಿ ಇದ್ದದ್ದನ್ನ ಕೊಯ್ಯತೈತಿ, ಮೆತ್ತಗಿದ್ದದ್ದನ್ನ ಬಿಡತೈತಿ.’ ಚರ್ಮ ಅಲಗಿನ ಜೊತೆಗೇ ಅತ್ತಿತ್ತ ಆಡುತ್ತದೆ, ಅದಕ್ಕೇ ಕೊಯ್ಯುವುದಿಲ್ಲ, ಕಾರಣ ಇಷ್ಟೇ. ಕಾರಣ ಗೊತ್ತಿದ್ದರೂ ಪ್ರತಿಸಲ ಎದೆಯಲ್ಲಿ ಏನೋ ಒಂದು ಜುಂ ಎನ್ನುತ್ತಿತ್ತು. ಗಟ್ಟಿಯದಕ್ಕೂ ಮೆತ್ತಗಿನದಕ್ಕೂ ಭೇದ ಬಲ್ಲ ಅಲಗು! ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಎಷ್ಟೊಂದು ಮಿರಾಕಲ್‌ಗಳ ಕಥೆ ಹೇಳಿದ್ದರು. ಕಣ್ಣಾರೆ ಕಂಡದ್ದು ನನಗೆ ಇದೊಂದೇ.

ರಿಟೈರ್ ಆಗಿ ಬಹಳ ವರ್ಷಗಳಾದ ಮೇಲೆ ಆ ಸದ್ದನ್ನು ಮತ್ತೆ ಕೇಳುವಂತಾದದ್ದು ನಮ್ಮ ವೈನಿಯಿಂದ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಾನು ಮದುವೆಯಾಗಲಿಲ್ಲ, ಅಣ್ಣ ಹೋದ ಮೇಲೆ ತಾರ್ನಾಕದ ಈ ಮನೆಯಲ್ಲಿ ನಾವಿಬ್ಬರೇ, ಜಗಳಾಡುತ್ತ, ಚಹಾ ಕುಡಿಯುತ್ತ ಆರಾಮವಾಗಿದ್ದೆವು. ಆಮೇಲೆ ವೈನಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರು ತಿಂಗಳಲ್ಲಿ ವಾಕರ್ ಹಿಡಿದು ಹಾಲ್ ತುಂಬ ಓಡಾಡತೊಡಗಿದರು. ಆದರೆ ಬಚ್ಚಲಮನೆಯ ಬಾಗಿಲಿಗೆ ಬಂದು ನಿಂತುಬಿಡುತ್ತಿದ್ದರು. ಅಲ್ಲಿ ಎರಡು ಇಂಚು ಎತ್ತರದ ಸಾಗವಾನಿ ಹೊಸ್ತಿಲು. ವಾಕರ್ ದಾಟಿದರೆ ಕಾಲು ದಾಟದು, ಕಾಲು ಎತ್ತಿದರೆ ಮೈ ವಾಲುತ್ತಿತ್ತು.

ನಾನೇ ಒಂದು ಸಲ ಹಿಡಿದು ದಾಟಿಸಲು ಹೋಗಿ ಇಬ್ಬರೂ ಗೋಡೆಗೆ ಬಿದ್ದೆವು. ನನಗೂ ಎಪ್ಪತ್ತಾರು, ಲೆಟ್ಸ್ ಬಿ ಆನೆಸ್ಟ್. ಹಲಗೆಯ ಇಳಿಜಾರು ಇಟ್ಟು ನೋಡಿದೆವು, ವಾಕರ್ ಜಾರಿತು. ಕಮೋಡ್ ಕುರ್ಚಿ ತಂದೆ. ವೈನಿ ಅದನ್ನು ನೋಡಿ, ‘ದೇವರ ಫೋಟೋ ಇರೂ ಖೋಲ್ಯಾಗ? ನಿನಗ ಬುದ್ಧಿ ಐತೇನ?’ ಎಂದು ಅದರ ಮೇಲೆ ಒಗೆದ ಬಟ್ಟೆ ಒಣಹಾಕಿದರು.

ಉಳಿದದ್ದು ಆಯಾ. ಗಟ್ಟಿ ಹೆಂಗಸು, ವೈನಿಯನ್ನು ಮಗುವಿನ ಹಾಗೆ ಎತ್ತಿ ಹೊಸ್ತಿಲು ದಾಟಿಸುತ್ತಿದ್ದಳು. ಆದರೆ ಅವಳು ಬರುವುದು ಊರಿನ ಇನ್ನೊಂದು ತುದಿಯ ಲಿಂಗಂಪಲ್ಲಿಯಿಂದ. ಲೋಕಲ್ ಟ್ರೇನ್ ತಡವಾದ ದಿನ ವೈನಿ ಹಾಸಿಗೆಯ ಅಂಚಿನಲ್ಲಿ ತುಟಿ ಕಚ್ಚಿ ಕೂತಿರುತ್ತಿದ್ದರು. ಸಂಜೆ ಅವಳು ಹೋದ ಮೇಲೆ ಬೆಳಗಿನವರೆಗೆ ಎತ್ತುವವರು ಯಾರೂ ಇಲ್ಲ. ಅದಕ್ಕೆ ವೈನಿ ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದರು, ನನಗೆ ಹೇಳದೆ. ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಮೂವತ್ತೊಂದು ವರ್ಷದ ನರ್ಸ್, ಮನೆಯಲ್ಲೇ ಇದ್ದು ಇದನ್ನು ಕಾಣಲಿಲ್ಲ. ಉರಿಮೂತ್ರ, ಜ್ವರ, ಎರಡು ಸಲ ಆಸ್ಪತ್ರೆ. ಎರಡನೆಯ ಸಲ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಮೂರನೆಯ ಸಲ ಬಂದರೆ ಮನೆಗೆ ವಾಪಸ್ ಕಳಿಸುವ ಭರವಸೆ ಕೊಡಲಾರೆ ಎಂದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಮಿಸ್ತ್ರಿಯನ್ನು ಕರೆಸಿದೆ. ಅವನು ಹೊಸ್ತಿಲನ್ನು ಬೂಟಿನಿಂದ ಒದ್ದು ನೋಡಿ, ‘ಪೂರಾ ಚೌಕಟ್ ತೋಡ್ನಾ ಪಡ್ತಾ ಅಮ್ಮಾ’ ಎಂದ. ಇಡೀ ಚೌಕಟ್ಟು ಕೀಳಲು ಗೋಡೆ ಒಡೆಯಬೇಕು, ಟೈಲ್ಸ್ ಹೋಗುತ್ತವೆ, ಸಿಮೆಂಟ್ ಒಣಗಲು ನಾಲ್ಕು ದಿನ. ನಮ್ಮ ಮನೆಯಲ್ಲಿ ಇರುವುದು ಒಂದೇ ಬಚ್ಚಲು. ನಾಲ್ಕು ದಿನ ವೈನಿ ಎಲ್ಲಿಗೆ ಹೋಗಬೇಕು? ಹೊಸ್ತಿಲು ಮಾತ್ರ ಕೊಯ್ಯಲಿಕ್ಕಾಗದೇ ಎಂದೆ. ಗರಗಸ ನೆಲಕ್ಕೆ ತಾಗಿ ಆಡುವುದಿಲ್ಲ, ಉಳಿಯಿಂದ ಹೊಡೆದರೆ ಚೌಕಟ್ಟೇ ಬಿರಿಯುತ್ತದೆ ಎಂದ. ಆಮೇಲೆ ಹೋಗುತ್ತ ಹೋಗುತ್ತ, ಮುಂಗೈಯನ್ನು ಅತ್ತಿತ್ತ ನಡುಗಿಸಿ, ದೊಡ್ಡ ಕಂಪನಿ ಕೆಲಸದವರ ಹತ್ತಿರ ಹೀಗೆ ಆಡುವ ಒಂದು ಮಶೀನ್ ಇರುತ್ತದೆ, ನನ್ನ ಬಳಿ ಇಲ್ಲ ಎಂದ.

ಆ ಕೈಯ ನಡುಕ ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮೈ ಗಾಡ್, ಅದು ನನ್ನ ಕಟರ್!

ವೈನಿಗೆ ಹೇಳಿದರೆ ಅವರು ಒಪ್ಪಲಿಲ್ಲ.

‘ಹೊಸ್ತಿಲ ಕೊಯ್ಯಬಾರದವಾ. ನಿಮ್ಮ ಅಣ್ಣ ನಿಂತು ಕೂಡಿಸಿದ್ದು.’

‘ಬಚ್ಚಲದ ಹೊಸ್ತಿಲರಿ ಅದು, ವೈನಿ.’

‘ಹೊಸ್ತಿಲ ಅಂದ್ರ ಹೊಸ್ತಿಲ. ಲಕ್ಷ್ಮಿ ಬಚ್ಚಲಕ ಹೋಗೂದಿಲ್ಲೇನ?’

ಎರಡು ದಿನ ಬಿಟ್ಟು, ಆಯಾ ಅವರನ್ನು ಎತ್ತಿಕೊಂಡು ಹೊರಬಂದ ಒಂದು ಬೆಳಿಗ್ಗೆ, ವೈನಿ ಅವಳ ಹೆಗಲ ಮೇಲಿಂದಲೇ ನನ್ನತ್ತ ನೋಡಿ, ‘ಮಂಗಳವಾರ ಶುಕ್ರವಾರ ಬ್ಯಾಡ’ ಎಂದರು. ಅಷ್ಟೇ. ನಾನು ಛತ್ರಿ ತೆಗೆದುಕೊಂಡು ಕಾಚಿಗೂಡದ ಆಟೋ ಹತ್ತಿದೆ.

ಸ್ಟೇಷನ್ ಹತ್ತಿರದ ಮಶೀನ್ ಅಂಗಡಿಯವರು ಬೀದರ ಕಡೆಯವರು. ಮೊದಲು ಹಿಂದಿಯಲ್ಲಿ ಶುರುಮಾಡಿದವರು ನನ್ನ ಗೊಣಗಾಟ ಕೇಳಿ ಕನ್ನಡಕ್ಕೆ ಬಂದರು.

‘ಯಾರಿಗೆ ಬೇಕಾಗೇತ್ರಿ ಅಮ್ಮಾರ? ಮಿಸ್ತ್ರಿನ್ನ ಕಳಸ್ರಿ, ಅವಗ ತೋರಸ್ತೀನಿ.’

‘ಮಿಸ್ತ್ರಿ ನಾನಽ.’

ಅವರು ಒಂದು ಕ್ಷಣ ನನ್ನ ಹತ್ತಿ ಸೀರೆ, ಛತ್ರಿ, ಬಿಳಿ ಕೂದಲು ನೋಡಿದರು. ‘ಹಂಗಾರ ಕೂಡ್ರಿ’ ಎಂದು ಸ್ಟೂಲು ಸರಿಸಿ ಮೂರು ಮಶೀನ್ ತಂದು ಮುಂದಿಟ್ಟರು.

ಮೊದಲನೆಯದು ವೈರಿನದು. ಬಚ್ಚಲ ನೆಲ ಯಾವಾಗಲೂ ಹಸಿ, ವೈರು ಎಳೆದಾಡುವುದು ನನಗೆ ಬೇಡ. ಬ್ಯಾಟರಿಯದೇ ಬೇಕು ಎಂದೆ. ಎರಡನೆಯದು ದೊಡ್ಡ ಬ್ಯಾಟರಿಯದು, ಬಲವಾದದ್ದು. ಅದನ್ನು ಕೈಚಾಚಿ ಹಿಡಿದು ಮನಸ್ಸಿನಲ್ಲೇ ಮೂವತ್ತು ಎಣಿಸತೊಡಗಿದೆ. ಹದಿನೈದಕ್ಕೆ ಮಣಿಕಟ್ಟು ಸೋತಿತು. ಅಲಗು ನಡುಗುವ ಮೊದಲೇ ನಾನು ನಡುಗಿದೆ. ಮೂರನೆಯದು ಲಟ್ಟಣಿಗೆಯಷ್ಟು ದಪ್ಪ, ಸಣ್ಣ ಬ್ಯಾಟರಿ. ಬಲ ಕಡಿಮೆ, ಆದರೆ ಮುಷ್ಟಿಯಲ್ಲಿ ಕೂತುಕೊಂಡಿತು. ಅಲಗು ಬದಲಿಸಲು ದೊಡ್ಡದಕ್ಕೆ ಪುಟ್ಟ ಕೀಲಿ ಹಾಕಿ ತಿರುಗಿಸಬೇಕಿತ್ತು, ನನ್ನ ಸಂಧಿವಾತದ ಬೆರಳಿಗೆ ಆಗದ ಮಾತು. ಇದಕ್ಕೆ ಮೇಲೊಂದು ಹಿಡಿ. ಎತ್ತಿದರೆ ಅಲಗು ಕಳಚುತ್ತದೆ, ಒತ್ತಿದರೆ ಕಚ್ಚುತ್ತದೆ. ಸ್ಪೀಡ್ ಹೆಚ್ಚು ಕಡಿಮೆ ಮಾಡುವ ಗಾಲಿಯೂ ಇತ್ತು.

‘ಆಂಗಲ್ ಎಷ್ಟು ಡಿಗ್ರಿ ಆಡತೈತಿ?’ ಎಂದೆ.

ಅವರು ಕನ್ನಡಕ ತೆಗೆದರು. ‘ಅಮ್ಮಾರ, ಇಷ್ಟು ವರ್ಷ ಅಂಗಡಿ ಇಟ್ಟೀನಿ, ಈ ಮಾತು ಯಾವ ಮಿಸ್ತ್ರಿನೂ ಕೇಳಿಲ್ಲ ನೋಡ್ರಿ.’ ಡಬ್ಬಿ ತಿರುಗಿಸಿ ಓದಿದರು. ಮೂರು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಅಷ್ಟೇ ಅಷ್ಟು! ಕಣ್ಣಿಗೆ ಕಾಣದಷ್ಟು ಅತ್ತ, ಕಾಣದಷ್ಟು ಇತ್ತ, ಒಂದು ನಿಮಿಷಕ್ಕೆ ಸಾವಿರಗಟ್ಟಲೆ ಸಲ. ಅವರು ಒಂದು ಹಲಗೆಯ ತುಂಡಿನ ಮೇಲೆ ಆಡಿಸಿ ತೋರಿಸಿದರು. ಅದೇ ಸದ್ದು. ಕಾಚಿಗೂಡದ ಆ ಗದ್ದಲದಲ್ಲಿ ಕೂತು ನಾನು ಪ್ಲಾಸ್ಟರ್ ರೂಮಿನ ಸುಣ್ಣದ ವಾಸನೆಯನ್ನು ನಿಜವಾಗಿಯೂ ಮೂಸಿದೆ.

‘ಹಳೇ ಕಟಗಿ ಅಂದ್ರ ಒಳಗ ಮೊಳಿ ಇರ್ತಾವ. ಬರೇ ಕಟಗಿ ಬ್ಲೇಡ್ ಒಯ್ಯಬ್ಯಾಡ್ರಿ, ಮೊಳಿನೂ ಕೊಯ್ಯೂದು ಒಯ್ರಿ’ ಎಂದು ಬೇರೆ ಅಲಗು ಕೊಟ್ಟರು. ‘ಕೈ ಹುಷಾರ್ರಿ.’

‘ಇದು ಕೈ ಕೊಯ್ಯೂದಿಲ್ರಿ. ಚರ್ಮ ಜೋಡಿ ಆಡತೈತಿ.’

‘ಕೊಯ್ಯತೈತ್ರಿ ಅಮ್ಮಾರ.’

ಪಾಪ, ಇವರಿಗೆ ಗೊತ್ತಿಲ್ಲ ಎಂದುಕೊಂಡು ನಾನು ಸಿಸ್ಟರ್‌ಗಳ ಹಾಗೆ ಮೆಲ್ಲಗೆ ನಕ್ಕೆ.

ಬುಧವಾರ ಬೆಳಿಗ್ಗೆ ಕೆಲಸ. ಆಯಾ ಬಂದು ವೈನಿಯ ಸ್ನಾನ ಮುಗಿಸಿದ ಮೇಲೆ ವೈನಿ ಕುರ್ಚಿ ಹಾಕಿಸಿಕೊಂಡು ಬಚ್ಚಲ ಬಾಗಿಲೆದುರು ಕೂತರು, ಕೈಯಲ್ಲಿ ಅರಿಷಿಣ ಕುಂಕುಮದ ಬಟ್ಟಲು. ‘ಹಚ್ಚು’ ಎಂದರು. ಐವತ್ತು ವರ್ಷ ಸೋಪಿನ ನೀರು ಕುಡಿದ ಆ ಹೊಸ್ತಿಲಿಗೆ ಮೊದಲ ಬಾರಿ ನಾನು ಅರಿಷಿಣ ಹಚ್ಚಿ, ಕುಂಕುಮ ಇಟ್ಟು, ಎರಡು ದಾಸವಾಳ ಇಟ್ಟೆ. ವೈನಿ ಕೈ ಮುಗಿದು, ‘ಸಿಟ್ಟಾಗಬ್ಯಾಡವಾ ತಾಯಿ, ಹಾದಿ ಬಿಡು’ ಎಂದರು. ಆಯಾ ಕೂಡ ಕೈ ಮುಗಿದಳು. ಬಚ್ಚಲ ಮುಂದೆ ಮೂವರು ಹೆಂಗಸರು ಕಣ್ಣು ಮುಚ್ಚಿ ಕೈ ಮುಗಿದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಮಶೀನ್ ಚಾಲೂ ಮಾಡಿದೆ. ಸದ್ದಿಗೆ ವೈನಿ ಹೌಹಾರಿ, ‘ಬ್ಯಾಡ, ಬ್ಯಾಡವಾ, ನಿನ್ನ ಬೆರಳು ಹೋಗತಾವ!’ ಎಂದು ಕೂಗಿದರು.

‘ಏನೂ ಆಗೂದಿಲ್ರಿ ವೈನಿ, ಇಲ್ಲಿ ನೋಡ್ರಿ’ ಎಂದು ನಾನು, ಮೂವತ್ತೊಂದು ವರ್ಷದ ರೂಢಿ, ಎಡ ಅಂಗೈಯನ್ನು ಅಲಗಿಗೆ ತಾಗಿಸಿದೆ.

ಕೊಯ್ದಿತು.

ಆಳವಾಗೇನೂ ಅಲ್ಲ, ಹೆಬ್ಬೆರಳ ಬುಡದಲ್ಲಿ ಒಂದು ಗೆರೆ. ರಕ್ತ ಟಪಟಪ ಬಿದ್ದು ಕುಂಕುಮದೊಳಗೆ ಸೇರಿತು. ನಾನು ಮಶೀನ್ ಬಂದ್ ಮಾಡಿ ಸುಮ್ಮನೆ ಅದನ್ನೇ ನೋಡುತ್ತ ಕೂತೆ. ನೋವಿಗಿಂತ ಅವಮಾನ ಹೆಚ್ಚು. ಆಸ್ಪತ್ರೆಯ ಅಲಗಿನ ಹಲ್ಲು ಚರ್ಮ ಉಳಿಸಲೆಂದೇ ಮಾಡಿದ್ದು, ಇದರ ಹಲ್ಲು ಕಟ್ಟಿಗೆಗೆಂದು, ಇಷ್ಟು ಸರಳ ವಿಷಯ. ಇನ್ನೊಂದೂ ಹೊಳೆಯಿತು. ಅಂದಿನ ನನ್ನ ಅಂಗೈ ಮೂವತ್ತರದು, ಮೆತ್ತಗೆ, ಅಲಗು ಹೇಳಿದ ಹಾಗೆ ಆಡುತ್ತಿತ್ತು. ಇಂದಿನದು ಹಳೆಯ ಕಾಗದದ ಹಾಗೆ.

ಆಯಾ ಅರಿವೆ ತರಲು ಓಡಿದಳು. ವೈನಿ ಗಾಬರಿಯಾಗಿ ಗಾಯ ನೋಡಿದರು. ಅದು ಸಣ್ಣದೆಂದು ಖಾತ್ರಿಯಾದದ್ದೇ ತಡ, ಕುರ್ಚಿಯಲ್ಲಿ ಅಲುಗಾಡುತ್ತ ನಗತೊಡಗಿದರು.

‘ಅಂದ್ರ ಅಷ್ಟೂ ಪೇಷಂಟ್‌ಗಳಿಗೆ ನೀ ಸುಳ್ಳ ಹೇಳಿದ್ಯೇನ?’

‘ಅದು ಬ್ಯಾರೆ ಮಶೀನ್ರಿ!’

‘ಮಶೀನ್ ಬ್ಯಾರೆ, ನರ್ಸಮ್ಮ ಅಕಿನಽ! ಅಂಗಡ್ಯಾಂವ ಏನಂದಿದ್ದ?’

‘...ಕೊಯ್ಯತೈತಿ ಅಂದಿದ್ದ.’

ಸೊಂಟ ಮುರಿದ ಮೇಲೆ ವೈನಿ ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. ಕಣ್ಣೊರೆಸಿಕೊಂಡು, ‘ಇವತ್ತ ಬಿಡು, ನಾಳೆ ನೋಡೂಣು’ ಎಂದರು. ಇಲ್ಲ ಎಂದೆ. ಕೈಗೆ ಪಟ್ಟಿ ಕಟ್ಟಿಕೊಂಡೆ, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡೆ, ಮಣೆಯ ಮೇಲೆ ಕೂತೆ.

ಆಮೇಲೆ ಆದದ್ದನ್ನು ಹೇಗೆ ಬರೆಯಲಿ? ಮೊದಲ ಸಲ ಜೋರಾಗಿ ಒತ್ತಿದೆ. ಹೊಗೆ ಬಂತು, ಅಲಗು ನಿಂತಿತು. ಆಗ ಕೈಗೆ ತಾನೇ ನೆನಪಾಯಿತು. ಒತ್ತಬಾರದು, ಎಳೆಯಬಾರದು, ತಾಗಿಸು, ಎತ್ತು, ತಾಗಿಸು, ಎತ್ತು. ಅಷ್ಟಕ್ಕೇ ಅಲಗು ಕಟ್ಟಿಗೆಯೊಳಗೆ ಇಳಿಯಿತು, ಬೆಣ್ಣೆಯೊಳಗಲ್ಲ, ಹದವಾದ ಜಾಮೂನಿನೊಳಗೆ ಚಮಚ ಇಳಿದ ಹಾಗೆ. ಚೌಕಟ್ಟಿನ ಎರಡೂ ಕಾಲುಗಳಿಗೆ ಅಂಟಿಕೊಂಡು ಒಂದೊಂದು ಸೀಳು. ಚೌಕಟ್ಟಿಗೆ ಒಂದು ಗೀರೂ ಬೀಳಲಿಲ್ಲ, ಟೈಲ್ಸ್ ಮಿಸುಕಲಿಲ್ಲ. ನಡುವಿನದನ್ನು ಬ್ರೆಡ್ ಸ್ಲೈಸ್ ಮಾಡಿದ ಹಾಗೆ ಬೆರಳಗಲಕ್ಕೊಂದು ಕೊಯ್ದೆ. ನಂತರ ಅಲಗನ್ನು ನೆಲಕ್ಕೆ ಮಲಗಿಸಿ ಬುಡದಿಂದ ಒಂದೊಂದೇ ತುಂಡು ಬಿಡಿಸಿದೆ. ಒಂದು ಕಡೆ ಕಿರ್ರೆಂದಿತು. ಮೊಳೆ. ಸದ್ದು ಬದಲಾಯಿತು, ಕಿಡಿ ಹಾರಿತು, ಮುಂದೆ ಸಾಗಿತು.

ಹೊರಗಿನಿಂದ ಕಪ್ಪು, ಜಿಗುಟು ಹೊಸ್ತಿಲು. ಒಳಗೆ? ಮೊದಲ ತುಂಡು ಕಳಚಿ ಬಿದ್ದಾಗ ನಾನು ಮಶೀನ್ ನಿಲ್ಲಿಸಿ ವೈನಿಯ ಕೈಗೆ ಕೊಟ್ಟೆ. ಜೇನಿನ ಬಣ್ಣ. ನೇರವಾದ ಗೆರೆಗಳು. ನಿನ್ನೆ ತಾನೇ ಕಡಿದ ಮರದ ಹಾಗೆ ಎಣ್ಣೆಯ ಘಮ. ಐವತ್ತು ವರ್ಷ ನಮ್ಮ ಪಾದ ತೊಳೆದ ನೀರೆಲ್ಲ ಅದರ ಮೇಲೆ ಹರಿದಿತ್ತು, ಒಳಗೆ ಒಂದು ಹನಿಯೂ ಇಳಿದಿರಲಿಲ್ಲ. ವೈನಿ ಮೂಗಿಗೆ ಹಿಡಿದು ಬಹಳ ಹೊತ್ತು ಮೂಸಿದರು. ‘ನಿಮ್ಮ ಅಣ್ಣ ಭಾಳ ಹುಡುಕಿ ತಂದಿದ್ರು’ ಎಂದರು.

ಮಶೀನಿನ ಜೊತೆ ಬಂದಿದ್ದ ಎರಡು ಬ್ಯಾಟರಿಗಳೂ ಮುಗಿದವು. ಚಾರ್ಜ್ ಆಗುವವರೆಗೆ ಊಟ ಮಾಡಿದೆವು. ಮಧ್ಯಾಹ್ನ ಅಲಗು ತೆಗೆದು ಅದೇ ಮಶೀನಿಗೆ ತ್ರಿಕೋನದ ಉಸುಕು ಕಾಗದ ಸಿಕ್ಕಿಸಿ ಉಳಿದ ಬುಡವನ್ನು ತಿಕ್ಕಿದೆ. ಕೊಯ್ದ ಕೈಯೇ ಸವರುವ ಕೈ ಆಯಿತು. ಅಂಗೈ ಆಡಿಸಿ ನೋಡಿದೆ, ಎಲ್ಲಿ ನೆಲ, ಎಲ್ಲಿ ಕಟ್ಟಿಗೆ ಎಂದು ತಿಳಿಯಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ವೈನಿ ಎದ್ದರು. ಆಯಾ ಎತ್ತಲು ಮುಂದೆ ಬಂದಳು. ವೈನಿ ಮೊಣಕೈಯಿಂದ ಅವಳನ್ನು ಸರಿಸಿದರು. ವಾಕರ್ ಮುಂದೆ, ಒಂದು ಕಾಲು, ಇನ್ನೊಂದು ಕಾಲು. ಹೊಸ್ತಿಲಿದ್ದ ಜಾಗಕ್ಕೆ ಬಂದಾಗ ರೂಢಿಯಿಂದ ನಿಂತರು. ಅಲ್ಲಿ ನೆಲದಲ್ಲಿ ಜೇನು ಬಣ್ಣದ ಒಂದು ಪಟ್ಟಿ, ಅಷ್ಟೇ. ಬಗ್ಗಿ ಅದನ್ನು ಮುಟ್ಟಲಾಗದು, ಅದಕ್ಕೆ ವಾಕರ್‌ನಿಂದ ಒಂದು ಕೈ ಬಿಡಿಸಿ ಚೌಕಟ್ಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಂದು ಕಾಲು ಆಚೆಗೆ ಹೋಯಿತು. ಇನ್ನೊಂದೂ ಹೋಯಿತು.

ಬಾಗಿಲು ಮುಚ್ಚಿಕೊಂಡಿತು.

‘ವೈನಿ, ಚಿಲಕ ಹಾಕಬ್ಯಾಡ್ರಿ! ಬಿದ್ದರ ಯಾರು ತೆಗೀಬೇಕು?’

ಒಳಗಿನಿಂದ ಚಿಲಕ ಬಿದ್ದ ಸದ್ದು, ಖಟ್ ಎಂದು, ಬೇಕೆಂದೇ ಜೋರಾಗಿ.

‘ಅಲ್ಲೇ ನಿಂತೀಯೇನ? ಹೋಗು ಅತ್ತಾಗ, ನಾಚಿಕಿಲ್ಲ!’

ನಾನು ಹೋದೆ. ಅಡುಗೆಮನೆಗೆ ಹೋಗಿ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತ ನಿಂತೆ.